ಹಸಿರು ಮಣಿ, ಕೆಂಪು ಮಣಿ

1952ರ ಆಸುಪಾಸಿನಲ್ಲಿ ರಾಮನಗರದ ಹಲವು ಹೆಂಗಸರ ಕೈಗೆ ಒಂದೊಂದು ಮಣಿಸರ ಬಂತು. ಹಳಬರ ಬಾಯಲ್ಲಿ ಊರಿಗೆ ಆಗಿನ್ನೂ ಕ್ಲೋಸ್‌ಪೇಟೆ ಎಂಬ ಹೆಸರೇ ಇದ್ದ ಕಾಲ. ಸರದಲ್ಲಿ 28 ಮಣಿ. ಮುಟ್ಟಾದ ದಿನದಿಂದ ದಿನಕ್ಕೊಂದು ಮಣಿ ಸರಿಸುತ್ತಾ ಬರಬೇಕು. ಹಸಿರು ಮಣಿಯ ದಿನ ಗಂಡನ ಜೊತೆ ಕೂಡಿದರೆ ಬಸಿರಿನ ಭಯವಿಲ್ಲ, ಕೆಂಪು ಮಣಿಯ ದಿನ ದೂರವಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತಕ್ಕೆ ಬಂದಿದ್ದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ರೂಪಿಸಿದ ಪ್ರಯೋಗ ಇದು. ಅಂದಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿ ಅನುಯಾಯಿ. ಕೃತಕ ಸಾಧನಗಳು ಬೇಡ, ದಿನ ನೋಡಿ ಸಂಯಮದಿಂದಿರುವ ಕ್ರಮವೊಂದನ್ನೇ ಪರೀಕ್ಷಿಸಬಹುದು ಎಂಬುದು ಅವರ ನಿಲುವು. ಅದಕ್ಕಾಗಿ ಆರಿಸಿಕೊಂಡದ್ದು ಎರಡು ಜಾಗ: ಸರ್ಕಾರಿ ನೌಕರರು ತುಂಬಿದ್ದ ದೆಹಲಿಯ ಲೋದಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಬೇಕೆಂದು 1930ರಷ್ಟು ಹಿಂದೆಯೇ ಆದೇಶ ಹೊರಡಿಸಿದ್ದ ಸೀಮೆ ನಮ್ಮದು. ಹಾಗಾಗಿ ಈ ಆಯ್ಕೆಯಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿಯೇ ಇತ್ತು. ಮನೆಯೊಳಗೆ ಹೋದ ಮೇಲೆ ತೊಡಕು ಶುರುವಾಯಿತು. ದೀಪ ಆರಿಸಿದ ಕೋಣೆಯಲ್ಲಿ ಹಸಿರು ಯಾವುದು, ಕೆಂಪು ಯಾವುದು? ಕತ್ತಲಲ್ಲಿ ಕೈಗೆ ತಿಳಿಯಲಿ ಎಂದು ಮಣಿಗಳ ಆಕಾರವನ್ನೇ ಬದಲಿಸಬೇಕಾಯಿತು, ದುಂಡು ಮಣಿಗಳ ನಡುವೆ ಚೌಕ ಮಣಿಗಳು ಬಂದವು. ಮಣಿ ಹಿಂದಕ್ಕೆ ಸರಿದು ಲೆಕ್ಕ ತಪ್ಪುತ್ತದೆ ಎಂದು ಒಂದೇ ದಿಕ್ಕಿಗೆ ಜರುಗುವಂತೆ ಕೊಂಡಿ ಹಾಕಿದ್ದಾಯಿತು. ಸರ ತೊಟ್ಟರೆ ಸಾಕು, ಅದೇ ಕಾಯುತ್ತದೆ ಎಂದು ತಾಯಿತದಂತೆ ನಂಬಿದವರೂ ಇದ್ದರು. ಕತ್ತಿನಲ್ಲಿ ಹಾಕಿಕೊಂಡರೆ ಓಣಿಗೆಲ್ಲ ಮನೆಯೊಳಗಿನ ಗುಟ್ಟು ಗೊತ್ತಾಗುತ್ತದೆಂದು ನಾಚಿದವರಿದ್ದರು. ಕೊನೆಗೆ ಕ್ರಮವನ್ನು ಕಲಿತವರಿಗಿಂತ ನಿಜಕ್ಕೂ ಪಾಲಿಸಿದವರು ಬಹಳ ಕಡಿಮೆ ಎಂದು ತಿಳಿದುಬಂತು. ಯೋಜನೆಗೆ ತೆರೆ ಬಿತ್ತು.

ಈ ಕಥೆಯನ್ನು ಓದಿದವರು ಸಾಮಾನ್ಯವಾಗಿ ನಗುತ್ತಾರೆ. ಹಳ್ಳಿಯ ಹೆಂಗಸರ ಮುಗ್ಧತೆಗೋ, ಬಿಳಿಯ ವೈದ್ಯನ ಪೆದ್ದುತನಕ್ಕೋ, ಅವರವರ ರುಚಿಗೆ ತಕ್ಕಂತೆ. ನನಗೆ ಕಾಣುವುದೇ ಬೇರೆ. ಕತ್ತಲು, ನಾಚಿಕೆ, ಕೆಂಪು ಮಣಿಯ ದಿನ ‘ಇವತ್ತು ಬೇಡ’ ಎಂದರೆ ಗಂಡ ಕೇಳುತ್ತಾನೋ ಇಲ್ಲವೋ ಎಂಬ ಅನುಮಾನ ಇವು ಯಾವುವೂ ಪ್ರಯೋಗಕ್ಕೆ ಅಡ್ಡ ಬಂದ ಕಸಕಡ್ಡಿಯಲ್ಲ. ಪ್ರಯೋಗದ ಫಲಿತಾಂಶವೇ ಅವು. ಋತುಚಕ್ರದ ಗಣಿತವನ್ನು ಪರೀಕ್ಷಿಸಲು ರಾಮನಗರದವರೆಗೆ ಬರಬೇಕಾಗಿರಲಿಲ್ಲ. ಬರಬೇಕಾಗಿದ್ದು ಒಬ್ಬ ಹೆಂಗಸಿನ ದಿನಚರಿಯೊಳಗೆ ಆ ಗಣಿತ ಉಳಿಯುತ್ತದೆಯೇ ಎಂದು ತಿಳಿಯುವುದಕ್ಕೆ. ಗರ್ಭನಿರೋಧಕದ ಕ್ಲಿನಿಕಲ್ ಪ್ರಯೋಗ ಬೇರೆ ಔಷಧಗಳ ಪ್ರಯೋಗಕ್ಕಿಂತ ಭಿನ್ನವಾಗುವುದು ಇಲ್ಲಿಯೇ. ಇಲ್ಲಿ ಔಷಧ ಸೇವಿಸುವವಳು ರೋಗಿಯಲ್ಲ, ಆರೋಗ್ಯವಂತೆ. ಔಷಧ ಕೆಲಸ ಮಾಡಿತೆಂಬುದಕ್ಕೆ ಸಾಕ್ಷಿ ಏನೂ ಆಗದಿರುವುದು. ಅದು ಕೆಲಸ ಮಾಡುವುದೂ ಬಿಡುವುದೂ ಅರ್ಧ ದೇಹದೊಳಗೆ, ಇನ್ನರ್ಧ ಮಲಗುವ ಕೋಣೆಯಲ್ಲಿ, ಅಡುಗೆಮನೆಯ ಡಬ್ಬಿಯ ಹಿಂದೆ, ಅತ್ತೆಯ ಕಣ್ಣಳತೆಯಲ್ಲಿ ನಿರ್ಧಾರವಾಗುತ್ತದೆ. ಆದ್ದರಿಂದ ಇಂಥ ಪ್ರಯೋಗದಲ್ಲಿ ಭಾಗವಹಿಸುವವರ ಮಾತು ನಂಬದೆ ವಿಜ್ಞಾನ ಮುಂದೆ ಹೋಗಲಾರದು. ಮಾತು ನಂಬಬೇಕಾದರೆ ಅವರಿಗೆ ವಿಷಯ ತಿಳಿಸಿರಬೇಕು, ಬೇಡ ಎನ್ನುವ ಹಕ್ಕನ್ನು ಕೊಟ್ಟಿರಬೇಕು. ಒಪ್ಪಿಗೆ ಪಡೆಯುವುದು ಸಂಶೋಧಕರು ಸಮಾಜಕ್ಕೆ ತೆರುವ ಸುಂಕ ಎಂಬ ಭಾವನೆ ಪ್ರಯೋಗಾಲಯಗಳಲ್ಲಿ ಇನ್ನೂ ಉಳಿದಿದೆ. ಆದರೆ ಚರಿತ್ರೆ ನೋಡಿದರೆ, ಒಪ್ಪಿಗೆ ಇಲ್ಲದ ಕಡೆ ಕೆಟ್ಟಿರುವುದು ನೀತಿ ಮಾತ್ರವಲ್ಲ, ಮಾಹಿತಿಯೂ ಕೆಟ್ಟಿದೆ.

ಮಾಹಿತಿ ಅಂದರೆ ಏನೆಂದು ಸ್ವಲ್ಪ ಬಿಡಿಸಿ ನೋಡೋಣ. ಯಾವುದೇ ಗರ್ಭನಿರೋಧಕದ ಪರಿಣಾಮವನ್ನು ಅಳೆಯುವ ಹಳೆಯ ಕೋಲು ಪರ್ಲ್ ಸೂಚ್ಯಂಕ, ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್ 1930ರ ದಶಕದಲ್ಲಿ ಕೊಟ್ಟದ್ದು. ನೂರು ಹೆಂಗಸರು ಒಂದು ವರ್ಷ ಆ ವಿಧಾನ ಬಳಸಿದರೆ ಎಷ್ಟು ಮಂದಿ ಬಸಿರಾಗುತ್ತಾರೆ ಎಂಬ ಲೆಕ್ಕ. ಆಮೇಲೆ ಈ ಲೆಕ್ಕ ಎರಡಾಗಿ ಸೀಳಿತು. ಒಂದು ದಿನವೂ ತಪ್ಪದೆ, ಹೇಳಿದ ಹಾಗೇ ಬಳಸಿದರೆ ಎಷ್ಟು? ಸಾಮಾನ್ಯ ಜನ ಸಾಮಾನ್ಯವಾಗಿ ಬಳಸಿದರೆ ಎಷ್ಟು? ದಿನವಹಿ ಮಾತ್ರೆಗೆ ಮೊದಲನೆಯ ಲೆಕ್ಕದಲ್ಲಿ ನೂರಕ್ಕೆ 0.3, ಎರಡನೆಯದರಲ್ಲಿ ಸುಮಾರು 7. ಕಾಂಡೋಮಿಗೆ ಮೊದಲನೆಯದು 2, ಎರಡನೆಯದು 13. ತೋಳಿನ ಚರ್ಮದಡಿ ಇಡುವ ಕಡ್ಡಿಗೆ ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಅಲ್ಲಿ ಮರೆಯಲು ಏನೂ ಇಲ್ಲ. ಇವು ಬಹುಮಟ್ಟಿಗೆ ಅಮೆರಿಕದ ಸಮೀಕ್ಷೆಗಳಿಂದ ಬಂದ ಅಂಕಿಗಳು. ನಮ್ಮ ಕಡೆ ಅಂತರ ಇಷ್ಟೇ ಇರಬೇಕೆಂದಿಲ್ಲ. ಆದರೆ 0.3ಕ್ಕೂ 7ಕ್ಕೂ ನಡುವಿನ ಕಂದಕವನ್ನು ತುಂಬಿರುವುದು ಹಾರ್ಮೋನು ಅಲ್ಲ. ಊರಿಗೆ ಹೋಗುವಾಗ ಬಿಟ್ಟುಹೋದ ಪಟ್ಟಿ, ಮುಗಿದ ಸ್ಟಾಕು, ವಾಂತಿಯಾದ ರಾತ್ರಿ, ಗಂಡನ ತಕರಾರು ಎಲ್ಲ ಅಲ್ಲಿವೆ. ವೈದ್ಯಕೀಯ ಭಾಷೆ ಬಹುಕಾಲ ಇದನ್ನು ‘ಬಳಸುವವರ ವೈಫಲ್ಯ’ ಎಂದು ಕರೆಯಿತು. ದಿನಾ ಒಂದೇ ಹೊತ್ತಿಗೆ ನುಂಗಲೇಬೇಕಾದ ಮಾತ್ರೆಯನ್ನು ತಯಾರಿಸಿ, ನುಂಗಲಾಗದವಳ ಮೇಲೆ ತಪ್ಪು ಹೊರಿಸುವ ಈ ಮಾತಿನಲ್ಲಿ ಒಂದು ಜಾಣತನವಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ‘ಸಹೇಲಿ’ ಮಾತ್ರೆಯನ್ನು ಬೇರೆ ಹಾದಿಯಲ್ಲಿ ತಂದಿತು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. 1991ರಲ್ಲಿ ಮಾರುಕಟ್ಟೆಗೆ ಬಂದ ಇದೇ ಮದ್ದು ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಹೆಸರಿನಲ್ಲಿ ಸಿಗುತ್ತದೆ. ವಾರದ ಮಾತ್ರೆಯಾದರೆ ಮರೆವು ಇಲ್ಲವೆಂದಲ್ಲ, ಮರೆವಿನ ಸ್ವರೂಪವೇ ಬೇರೆ. ಅದನ್ನೂ ಬಳಸುವವರೇ ಹೇಳಬೇಕು.

ಹೇಳುತ್ತಾರೆಯೇ ಎಂಬುದು ಪ್ರಶ್ನೆ. ಪಂಜಾಬಿನ ಲುಧಿಯಾನ ಜಿಲ್ಲೆಯ ಹಳ್ಳಿಗಳಲ್ಲಿ 1953ರಿಂದ 1960ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದವರು ಖನ್ನಾ ಅಧ್ಯಯನ ಎಂಬ ದೊಡ್ಡ ಪ್ರಯೋಗ ನಡೆಸಿದರು. ಮನೆಮನೆಗೆ ಹೋಗಿ ನೊರೆ ಬರುವ ಗರ್ಭನಿರೋಧಕ ಗುಳಿಗೆ ಹಂಚಿದರು, ಪ್ರತಿ ತಿಂಗಳೂ ಬಂದು ವಿಚಾರಿಸಿದರು. ಜನ ತೆಗೆದುಕೊಂಡರು, ಬಳಸುತ್ತಿದ್ದೇವೆ ಎಂದರು. ಲೆಕ್ಕ ನೋಡಿದರೆ ಪ್ರಯೋಗದ ಹಳ್ಳಿಗಳ ಜನನ ಪ್ರಮಾಣಕ್ಕೂ ಗುಳಿಗೆ ಹಂಚದ ಹಳ್ಳಿಗಳದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮಹಮೂದ್ ಮಮ್ದಾನಿ ಎಂಬ ಸಂಶೋಧಕ ಆಮೇಲೆ ಆ ಹಳ್ಳಿಗಳಲ್ಲೊಂದಾದ ಮಾನುಪುರಕ್ಕೆ ಹೋಗಿ ಮಾತಾಡಿಸಿ 1972ರಲ್ಲಿ ಪುಸ್ತಕ ಬರೆದಾಗ ಗುಟ್ಟು ಹೊರಬಿತ್ತು. ಅಷ್ಟು ದೂರದಿಂದ ಬಂದವರು, ಮರ್ಯಾದೆಯಿಂದ ಮಾತಾಡುತ್ತಾರೆ, ಬೇಡ ಅನ್ನುವುದು ಹೇಗೆ ಎಂದು ಜನ ಗುಳಿಗೆ ಪಡೆದು ಇಟ್ಟುಕೊಂಡಿದ್ದರು. ಒಬ್ಬಾತನ ಮನೆಯಲ್ಲಿ ಆ ಡಬ್ಬಿಗಳನ್ನೇ ಒಂದರ ಮೇಲೊಂದು ಜೋಡಿಸಿ ಮಾಡಿದ ಅಲಂಕಾರವಿತ್ತು! ಹೊಲದ ಕೆಲಸಕ್ಕೆ ಕೈ ಬೇಕಾದ ಮನೆಗೆ ಮಕ್ಕಳು ಕಡಿಮೆಯಾಗಲಿ ಎಂಬ ಆಸೆ ಹುಟ್ಟಿರಲೇ ಇಲ್ಲ. ಏಳು ವರ್ಷದಲ್ಲಿ ಯಾರೂ ಅದನ್ನು ಕೇಳಿ, ಬಂದ ಉತ್ತರವನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದೆಂಬ ಸೌಜನ್ಯ ಪಂಜಾಬಿನದು ಮಾತ್ರವೇನಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಪಟ್ಟಿಯನ್ನು ನಗುತ್ತ ಈಸಿಕೊಂಡು ಗೂಡಿನಲ್ಲಿಡುವ ಮನೆ ನಮ್ಮ ಯಾವ ಹೋಬಳಿಯಲ್ಲಿ ಇಲ್ಲ?

ಹಾಗಾದರೆ ಮಾತು ಬಿಟ್ಟು ಯಂತ್ರವನ್ನು ನಂಬೋಣ ಎಂದು ಕೆಲವರು ಹೊರಟರು. 1990ರ ದಶಕದಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ ಮಾತ್ರೆಯ ಡಬ್ಬಿಗೆ ಸಣ್ಣ ಎಲೆಕ್ಟ್ರಾನಿಕ್ ಉಪಕರಣ ಅಳವಡಿಸಿದರು. ಮಾತ್ರೆ ಹೊರಗೆ ತೆಗೆದಾಗಲೆಲ್ಲ ತಾರೀಖು, ಹೊತ್ತು ದಾಖಲಾಗುತ್ತದೆ. ಜೊತೆಗೆ ಹೆಂಗಸರು ಡೈರಿಯನ್ನೂ ಬರೆದರು. ಮೂರನೆಯ ತಿಂಗಳ ಹೊತ್ತಿಗೆ, ಮೂರು ಅಥವಾ ಅದಕ್ಕಿಂತ ಹೆಚ್ಚು ಮಾತ್ರೆ ತಪ್ಪಿಸಿದವರು ಯಂತ್ರದ ಪ್ರಕಾರ ಹತ್ತಿರಹತ್ತಿರ ಅರ್ಧದಷ್ಟು, ಡೈರಿಯ ಪ್ರಕಾರ ಅದರ ಕಾಲುಭಾಗದ ಆಸುಪಾಸು. ಗರ್ಭನಿರೋಧಕಕ್ಕೆ ನೆರೆಮನೆಯಂತಿರುವ ಎಚ್‌ಐವಿ ತಡೆಯ ಸಂಶೋಧನೆಯಲ್ಲಿ ಈ ಬಿರುಕು ಇನ್ನೂ ದೊಡ್ಡದಾಗಿ ಕಂಡಿತು. ದಕ್ಷಿಣ ಆಫ್ರಿಕಾ, ಉಗಾಂಡ, ಜಿಂಬಾಬ್ವೆಗಳಲ್ಲಿ 2009ರಿಂದ ನಡೆದ ‘ವಾಯ್ಸ್’ ಪ್ರಯೋಗದಲ್ಲಿ 5,029 ಹೆಂಗಸರಿದ್ದರು. ಕೊಟ್ಟ ಮಾತ್ರೆ, ಜೆಲ್‌ಗಳನ್ನು ನೂರಕ್ಕೆ ತೊಂಬತ್ತರಷ್ಟು ಬಳಸುತ್ತಿದ್ದೇವೆ ಎಂದು ಅವರು ಹೇಳಿದರು. ರಕ್ತ ಪರೀಕ್ಷೆ ಮಾಡಿದರೆ ಔಷಧದ ಅಂಶ ಸಿಕ್ಕಿದ್ದು ನೂರಕ್ಕೆ ಮೂವತ್ತು ಅಥವಾ ಅದಕ್ಕೂ ಕಡಿಮೆ ಮಾದರಿಗಳಲ್ಲಿ. ಕೋಟ್ಯಂತರ ಡಾಲರ್ ಸುರಿದ ಪ್ರಯೋಗಕ್ಕೆ ಉತ್ತರವೇ ಸಿಗಲಿಲ್ಲ. ಹೆಂಗಸರು ಸುಳ್ಳು ಹೇಳಿದರು ಎಂಬ ಷರಾ ಬರೆದು ಮುಗಿಸಬಹುದಿತ್ತು. ಸಂಶೋಧಕರು ಮತ್ತೆ ಹೋಗಿ, ಈ ಸಲ ರಕ್ತದ ವರದಿಯನ್ನು ಅವರ ಮುಂದಿಟ್ಟು, ಆಪಾದನೆಯಿಲ್ಲದೆ ಮಾತಾಡಿಸಿದಾಗ ಕಾರಣ ಹೊರಬಂತು: ಅಡ್ಡ ಪರಿಣಾಮದ ಹೆದರಿಕೆ, ಈ ಮಾತ್ರೆ ಕಂಡರೆ ನನಗೇ ಎಚ್‌ಐವಿ ಇದೆ ಎಂದುಕೊಂಡಾರೆಂಬ ಅಂಜಿಕೆ, ಸಂಗಾತಿಯ ಸಂಶಯ. ಯಂತ್ರವೂ ರಕ್ತವೂ ‘ಬಳಸಿಲ್ಲ’ ಎಂಬಷ್ಟನ್ನೇ ಹೇಳಬಲ್ಲವು. ಯಾಕೆ ಬಳಸಲಿಲ್ಲ ಎಂದು ಹೇಳಲು ಬಾಯೇ ಬೇಕು, ಆ ಬಾಯಿಗೆ ಹೆದರಿಕೆ ಇರಬಾರದು.

ಬಾಯಿ ಇದ್ದೂ ಕೇಳದೆ ಹೋದ ಪ್ರಸಂಗವೊಂದರ ಮೇಲೆ ಇಂದಿನ ಗರ್ಭನಿರೋಧಕ ಮಾತ್ರೆಯ ಇತಿಹಾಸವೇ ನಿಂತಿದೆ. 1956ರಲ್ಲಿ ಗ್ರೆಗರಿ ಪಿಂಕಸ್ ಮತ್ತು ಜಾನ್ ರಾಕ್ ತಮ್ಮ ಹೊಸ ಮಾತ್ರೆ ಎನೋವಿಡ್ ಅನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಪೋರ್ಟೊ ರಿಕೋ ದ್ವೀಪವನ್ನು ಆರಿಸಿಕೊಂಡರು. ಅವರಿದ್ದ ಮ್ಯಾಸಚೂಸೆಟ್ಸ್‌ನಲ್ಲಿ ಗರ್ಭನಿರೋಧಕ ಹಂಚುವುದು ಅಪರಾಧ, ಪೋರ್ಟೊ ರಿಕೋದಲ್ಲಿ 1937ರಿಂದಲೇ ಕಾನೂನುಬದ್ಧ. ರಿಯೊ ಪಿಯೆದ್ರಾಸ್ ಎಂಬಲ್ಲಿನ ಬಡವರ ವಸತಿ ಸಮುಚ್ಚಯದಲ್ಲಿ ಮಾತ್ರೆ ಹಂಚಿದರು. ಬಸಿರು ತಡೆಯುವ ಮಾತ್ರೆ ಎಂದು ಹೆಂಗಸರಿಗೆ ಗೊತ್ತಿತ್ತು. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ, ತಮ್ಮ ಮೇಲೇ ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಅಲ್ಲಿ ಉಸ್ತುವಾರಿ ವಹಿಸಿದ್ದ ವೈದ್ಯೆ ಎಡ್ರಿಸ್ ರೈಸ್-ರೇ ನೂರಕ್ಕೆ 17 ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವು, ಹೊಟ್ಟೆನೋವು ಬರುತ್ತಿದೆ ಎಂದು ವರದಿ ಮಾಡಿದರು. ಮಾತ್ರೆ ಬಸಿರನ್ನು ತಡೆಯುತ್ತದೆ, ಆದರೆ ಈ ತೊಂದರೆಗಳಿಂದಾಗಿ ಎಲ್ಲರೂ ಒಪ್ಪುವಂಥದ್ದಲ್ಲ ಎಂಬುದು ಅವರ ತೀರ್ಮಾನ. ಪಿಂಕಸ್‌ಗೆ ಅದು ರುಚಿಸಲಿಲ್ಲ. ಬಹಳಷ್ಟು ದೂರುಗಳು ಮನಸ್ಸಿನ ಭ್ರಮೆ ಎಂದು ತಳ್ಳಿಹಾಕಿದರು. ಪ್ರಯೋಗದ ಅವಧಿಯಲ್ಲಿ ಸತ್ತ ಹೆಂಗಸರ ಮರಣೋತ್ತರ ಪರೀಕ್ಷೆಯನ್ನೂ ಮಾಡಿಸಲಿಲ್ಲ. 1960ರಲ್ಲಿ ಅಮೆರಿಕ ಮಾತ್ರೆಗೆ ಗರ್ಭನಿರೋಧಕವಾಗಿ ಅನುಮತಿ ಕೊಟ್ಟಿತು. ಆ ದಶಕ ಮುಗಿಯುವುದರೊಳಗೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಬಯಲಾಯಿತು. 1970ರಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ನಡೆಸಿದ ವಿಚಾರಣೆಯಲ್ಲಿ, ಮಾತ್ರೆ ನುಂಗುವ ಒಬ್ಬ ಹೆಂಗಸನ್ನೂ ಸಾಕ್ಷಿಗೆ ಯಾಕೆ ಕರೆದಿಲ್ಲ ಎಂದು ಯುವತಿಯರು ಎದ್ದು ನಿಂತು ಗಲಾಟೆ ಮಾಡಿದರು. ಮಾತ್ರೆಯ ಪೊಟ್ಟಣದೊಳಗೆ ಅಪಾಯಗಳನ್ನು ವಿವರಿಸುವ ಚೀಟಿ ಬಂದದ್ದು ಅದರ ನಂತರ.

ಇಲ್ಲೊಂದು ಅಂಕಿಯನ್ನು ಗಮನಿಸಬೇಕು. ಮೊದಲ ಎನೋವಿಡ್‌ನಲ್ಲಿ ಈಸ್ಟ್ರೋಜನ್ ಅಂಶ ಸುಮಾರು 150 ಮೈಕ್ರೋಗ್ರಾಂ. ಇಂದು ಔಷಧದಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ 20ರಿಂದ 35. ರಿಯೊ ಪಿಯೆದ್ರಾಸ್‌ನ ಹೆಂಗಸರು ‘ಭ್ರಮೆ’ಯಲ್ಲಿ ಹೇಳಿದ್ದನ್ನು ವಿಜ್ಞಾನ ಹಲವು ವರ್ಷ ತಡವಾಗಿ, ಹಲವರ ಪ್ರಾಣದ ಬೆಲೆಗೆ ಒಪ್ಪಿಕೊಂಡಿತು ಎಂದೇ ಇದರ ಅರ್ಥ. ಆ ದೂರುಗಳನ್ನು ಮಾಹಿತಿ ಎಂದು ತೆಗೆದುಕೊಂಡಿದ್ದರೆ ಪ್ರಮಾಣ ಇಳಿಸುವ ಯೋಚನೆ ಆಗಲೇ ಬರುತ್ತಿತ್ತು. ಮುಂದೆಯೂ ಪಾಠ ಕಲಿತರೆಂದಲ್ಲ. 1970ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅಡ್ಡ ಪರಿಣಾಮ ನಿಜವೋ ಭ್ರಮೆಯೋ ನೋಡಲು, ಗರ್ಭನಿರೋಧಕ ಬೇಕೆಂದು ಬಂದ ಮೆಕ್ಸಿಕನ್ ಮೂಲದ ಬಡ ಹೆಂಗಸರಲ್ಲಿ ಕೆಲವರಿಗೆ ಅವರಿಗೆ ತಿಳಿಸದೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟರು. ಜೊತೆಗೆ ನೊರೆ ಔಷಧ ಬಳಸಿ ಎಂದು ಹೇಳಿದ್ದರು, ನಿಜ. ಆದರೂ ಕೆಲವರು ಬಸಿರಾದರು.

ನಮ್ಮಲ್ಲೂ ಇದೇ ಕಥೆಯ ಇನ್ನೊಂದು ರೂಪ ನಡೆಯಿತು. 1985ರಲ್ಲಿ ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ ಎರಡು ತಿಂಗಳಿಗೊಮ್ಮೆ ಚುಚ್ಚುವ ನೆಟ್-ಎನ್ ಇಂಜೆಕ್ಷನ್ನಿನ ಪ್ರಯೋಗಕ್ಕೆ ಹೆಂಗಸರನ್ನು ಸೇರಿಸಿದ್ದರು. ಅಡ್ಡ ಪರಿಣಾಮವೇನು, ಇದು ಪ್ರಯೋಗವೆಂಬುದು ಅವರಿಗೆ ಗೊತ್ತೇ ಎಂದು ಸ್ತ್ರೀಶಕ್ತಿ ಸಂಘಟನೆಯವರು ಹೋಗಿ ವಿಚಾರಿಸಿದರು, ವಿಷಯ ವಿವರಿಸಿದರು. ತಿಳಿದ ಮೇಲೆ ಅನೇಕರು ಹಿಂದೆ ಸರಿದರು. ಮರುವರ್ಷ ಆ ಸಂಘಟನೆ, ದೆಹಲಿಯ ಸಹೇಲಿ ಎಂಬ ಮಹಿಳಾ ಸಂಘಟನೆ ಮತ್ತಿತರರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹಿಂದೆ ಸರಿದವರ ಆ ನಡೆಯನ್ನು ಪ್ರಯೋಗಕ್ಕಾದ ಭಂಗ ಎನ್ನಬಹುದು. ನನಗದು ಪ್ರಯೋಗದ ಮೊದಲ ನಂಬಲರ್ಹ ಅಂಕಿ ಅನ್ನಿಸುತ್ತದೆ: ಗೊತ್ತಿದ್ದೂ ಇದನ್ನು ಬಯಸುವವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು. ಇಂಜೆಕ್ಷನ್ನಿನ ಗರ್ಭನಿರೋಧಕ, ಆದರೆ ಮೂರು ತಿಂಗಳಿನ ಬೇರೊಂದು ಔಷಧ, ‘ಅಂತರಾ’ ಹೆಸರಿನಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ. ನಡುವೆ ಕಳೆದ ಮೂವತ್ತು ವರ್ಷಕ್ಕೆ ಮಹಿಳಾ ಸಂಘಟನೆಗಳ ಹಟವೇ ಕಾರಣ ಎಂದು ಕೆಲವು ವೈದ್ಯರು ಈಗಲೂ ಗೊಣಗುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಆಪರೇಷನ್ ಮಾಡಿದ ಸರ್ಕಾರಿ ವ್ಯವಸ್ಥೆಯನ್ನು ಹೆಂಗಸರು ಕಣ್ಣುಮುಚ್ಚಿ ನಂಬಬೇಕಾಗಿತ್ತು ಎಂದು ಈ ಗೊಣಗಾಟದ ಅರ್ಥವೇ?

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಬಡವರ ಮೇಲೆ ಇಂಥ ಪ್ರಯೋಗವೇ ಬೇಡ, ಬಡತನದಲ್ಲಿ ನಿಜವಾದ ಒಪ್ಪಿಗೆ ಎಂಬುದೇ ಇರುವುದಿಲ್ಲ ಎಂಬ ಆಕ್ಷೇಪ ಏಳುತ್ತದೆ. ಇದು ಹಗುರವಾದ ಮಾತಲ್ಲ. ಬಸ್‌ಚಾರ್ಜು, ಒಂದು ದಿನದ ಕೂಲಿ, ಉಚಿತ ತಪಾಸಣೆ ಇಷ್ಟಕ್ಕೇ ಹೆಸರು ಬರೆಸುವವರಿದ್ದಾರೆ. ಆದರೆ ಈ ವಾದವನ್ನು ಕೊನೆಯವರೆಗೆ ಎಳೆದರೆ ಏನಾಗುತ್ತದೆ? ರಕ್ತಹೀನತೆಯಿಂದ ಬಳಲುವ, ಎದೆಹಾಲು ಕುಡಿಸುತ್ತಿರುವ, ಆಸ್ಪತ್ರೆಯಿಂದ ಇಪ್ಪತ್ತು ಮೈಲಿ ದೂರ ಇರುವ ಹೆಂಗಸಿನ ಮೈಮೇಲೆ ಒಂದು ಔಷಧ ಹೇಗೆ ವರ್ತಿಸುತ್ತದೆ ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಔಷಧ ಮಾತ್ರ ಅವಳಿಗೆ ಸಿಗುತ್ತದೆ. ಪ್ರಯೋಗದಲ್ಲಿ ಇಲ್ಲದವಳು ಬಳಕೆಯಲ್ಲಿ ಇರುತ್ತಾಳೆ. ಎಥಿಕ್ಸ್ ಕಮಿಟಿಯಿಲ್ಲದ, ಪರಿಹಾರವಿಲ್ಲದ, ಲೆಕ್ಕವಿಲ್ಲದ ಪ್ರಯೋಗ ಅವಳ ಮೇಲೆ ಆಗ ಸದ್ದಿಲ್ಲದೆ ನಡೆಯುತ್ತದೆ.

ಆಫ್ರಿಕಾದ ‘ಎಕೋ’ ಪ್ರಯೋಗ ಈ ತೊಡಕನ್ನು ನೇರವಾಗಿ ಎದುರಿಸಿತು. ಮೂರು ತಿಂಗಳ ಇಂಜೆಕ್ಷನ್ ತೆಗೆದುಕೊಳ್ಳುವ ಹೆಂಗಸರಿಗೆ ಎಚ್‌ಐವಿ ತಗಲುವ ಸಂಭವ ಹೆಚ್ಚೇ ಎಂಬ ಪ್ರಶ್ನೆ ದಶಕಗಳಿಂದ ಹಾಗೇ ನೇತಾಡುತ್ತಿತ್ತು. ಬರಿಯ ವೀಕ್ಷಣೆಯ ಅಧ್ಯಯನಗಳಿಂದ ಇತ್ಯರ್ಥವಾಗುತ್ತಿರಲಿಲ್ಲ, ಕಾರಣ ಮತ್ತದೇ ನಡವಳಿಕೆ: ಇಂಜೆಕ್ಷನ್ ಪಡೆದವರು ಕಾಂಡೋಮ್ ಬಿಡುತ್ತಾರೋ, ಅವರ ಸಂಗಾತಿಗಳೇ ಬೇರೆ ಬಗೆಯವರೋ, ಯಾರು ಬಲ್ಲರು? ಚೀಟಿ ಎತ್ತಿದ ಹಾಗೆ ವಿಧಾನ ಹಂಚಿದರೆ ಮಾತ್ರ ಗೊತ್ತಾಗುತ್ತದೆ. ತಾನು ಯಾವ ಗರ್ಭನಿರೋಧಕ ಬಳಸಬೇಕೆಂಬುದನ್ನು ಚೀಟಿಗೆ ಬಿಡಲು ಯಾವ ಹೆಂಗಸು ಒಪ್ಪುತ್ತಾಳೆ ಎಂದು ಹಲವರು ಮೂಗು ಮುರಿದರು, ಇದು ಅನೈತಿಕ ಎಂದೂ ವಾದಿಸಿದರು. 2015ರಿಂದ 2018ರವರೆಗೆ ದಕ್ಷಿಣ ಆಫ್ರಿಕಾ, ಕೀನ್ಯಾ, ಜಾಂಬಿಯಾ, ಎಸ್ವಾಟಿನಿಗಳ 12 ಕೇಂದ್ರಗಳಲ್ಲಿ 7,829 ಹೆಂಗಸರು ವಿಷಯ ತಿಳಿದು ಒಪ್ಪಿದರು. ಇಂಜೆಕ್ಷನ್, ಕಾಪರ್ ಟಿ ಬಗೆಯ ಸಾಧನ, ತೋಳಿನ ಕಡ್ಡಿ ಈ ಮೂರರಲ್ಲಿ ಪಾಲಿಗೆ ಬಂದದ್ದನ್ನು ಬಹುತೇಕರು ಕೊನೆಯವರೆಗೂ ಬಳಸಿದರು, ಬೇಡವೆನ್ನಿಸಿದವರು ಬಿಟ್ಟರು. 2019ರಲ್ಲಿ ಉತ್ತರ ಬಂತು: ಎಚ್‌ಐವಿ ಅಪಾಯದಲ್ಲಿ ಮೂರರ ನಡುವೆ ಗಣನೀಯ ವ್ಯತ್ಯಾಸವಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ಬದಲಿಸಿತು. ಜೊತೆಗೆ ಯಾರೂ ಕೇಳದಿದ್ದ ಇನ್ನೊಂದು ಉತ್ತರವೂ ಬಂತು. ಸಲಹೆ, ಕಾಂಡೋಮ್ ಎಲ್ಲ ಕೊಟ್ಟರೂ ಆ ಅವಧಿಯಲ್ಲಿ 397 ಮಂದಿಗೆ ಸೋಂಕು ತಗಲಿತ್ತು. ಗರ್ಭನಿರೋಧಕ ಕೇಳಿ ಬರುವ ಸಾಮಾನ್ಯ ಹೆಂಗಸರ ಅಪಾಯ ಇಷ್ಟಿದೆ ಎಂದು ಆ ಅಂಕಿ ಎತ್ತಿ ತೋರಿಸಿತು. ಇದನ್ನು ಆಫ್ರಿಕಾದ ಹೆಂಗಸರಲ್ಲದೆ ಬೇರಾರೂ ತಿಳಿಸಿಕೊಡಲು ಸಾಧ್ಯವಿರಲಿಲ್ಲ. ಬಡವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎನ್ನುವವರು, ತಮಗರಿವಿಲ್ಲದೆ, ಅವಳ ಪರವಾಗಿ ತಾವೇ ಹೆಬ್ಬೆಟ್ಟು ಒತ್ತುತ್ತಿದ್ದಾರೆ.

ಒಪ್ಪಿಗೆಗೆ ಬೆಲೆ ಬರುವುದು ಬಿಟ್ಟುಹೋಗುವ ದಾರಿ ತೆರೆದಿದ್ದಾಗ ಮಾತ್ರ ಎಂಬುದನ್ನು ಇಲ್ಲಿ ಸೇರಿಸಲೇಬೇಕು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 2007ರಿಂದ 2011ರವರೆಗೆ ‘ಚಾಯ್ಸ್’ ಯೋಜನೆಗೆ 9,256 ಹೆಂಗಸರು ಸೇರಿದರು. ಎಲ್ಲ ವಿಧಾನಗಳನ್ನೂ ವಿವರಿಸಿ, ಯಾವುದು ಬೇಕೋ ಅದನ್ನು ಪುಕ್ಕಟೆ ಕೊಟ್ಟರು. ಖರ್ಚಿನ ಅಡ್ಡಿ ಹೋದದ್ದೇ ತಡ, ನೂರಕ್ಕೆ ಸುಮಾರು 75 ಮಂದಿ ದೀರ್ಘಾವಧಿಯ ಸಾಧನ ಅಥವಾ ಕಡ್ಡಿಯನ್ನು ಆರಿಸಿಕೊಂಡರು. ಮಾತ್ರೆ, ಪಟ್ಟಿ, ಉಂಗುರ ಬಳಸಿದವರಲ್ಲಿ ಅನಪೇಕ್ಷಿತ ಬಸಿರಿನ ಸಂಭವ ದೀರ್ಘಾವಧಿ ಸಾಧನದವರಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಎಂದು 2012ರಲ್ಲಿ ಪ್ರಕಟವಾಯಿತು. ಇದನ್ನು ಓದಿದ ಆಡಳಿತಗಾರನಿಗೆ ಎಲ್ಲರಿಗೂ ಕಡ್ಡಿ ಹಾಕಿಸಿಬಿಡೋಣ ಅನ್ನಿಸಿದರೆ ಅಚ್ಚರಿಯಿಲ್ಲ. ಆದರೆ ಅವನು ಓದಬೇಕಾದ ಸಾಲು ಬೇರೆ ಇದೆ. ಕಡ್ಡಿಯನ್ನು ತೆಗೆಯಬೇಕಾದವರು ವೈದ್ಯರು, ಹಾಕಿಸಿಕೊಂಡವಳಲ್ಲ. ಸೇಂಟ್ ಲೂಯಿಸ್‌ನಲ್ಲಿ ಬೇಡ ಎಂದ ದಿನ ತೆಗೆದುಕೊಡುವ ವ್ಯವಸ್ಥೆಯಿತ್ತು. ನಮ್ಮಲ್ಲಿ 1980ರ ದಶಕದ ನಾರ್‌ಪ್ಲಾಂಟ್ ಪ್ರಯೋಗಗಳ ಬಗ್ಗೆ ಎದ್ದ ದೊಡ್ಡ ತಕರಾರು, ಕಡ್ಡಿ ಹಾಕಿಸಿಕೊಂಡ ಅನೇಕರು ಆಮೇಲೆ ಏನಾದರೆಂದು ಸಂಶೋಧಕರ ಲೆಕ್ಕಕ್ಕೇ ಸಿಗದೆ ಹೋದದ್ದು. ಐದು ವರ್ಷಕ್ಕೆ ತೆಗೆಸಬೇಕಾದ ವಸ್ತು ತೋಳಿನಲ್ಲಿ, ತೆಗೆಯುವವರು ಎಲ್ಲಿದ್ದಾರೋ ಗೊತ್ತಿಲ್ಲ.

ಕಾನೂನು ಈಗ ಹಿಂದಿನಂತಿಲ್ಲ. 2009ರಿಂದ ನಮ್ಮ ದೇಶದ ಕ್ಲಿನಿಕಲ್ ಪ್ರಯೋಗಗಳನ್ನು ಸಾರ್ವಜನಿಕ ನೋಂದಣಿಯಲ್ಲಿ ಮೊದಲೇ ದಾಖಲಿಸುವುದು ಕಡ್ಡಾಯ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಓದಲು ಬಾರದವರಿಗೆ ನಿಷ್ಪಕ್ಷ ಸಾಕ್ಷಿಯ ಎದುರು ವಿವರಿಸಬೇಕು. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಎಂದು ಹೇಳಬೇಕು. ಕಾಗದ ಚೆನ್ನಾಗಿದೆ. ಆ ಕಾಗದದ ಕನ್ನಡ ಅನುವಾದವನ್ನು ಸುಮ್ಮನೆ ಜೋರಾಗಿ ಓದಿನೋಡಿದರೆ ಸಾಕು, ಕೆಲಸ ಎಷ್ಟು ಬಾಕಿಯಿದೆ ಎಂದು ತಿಳಿಯುತ್ತದೆ. ಮುಟ್ಟು ಎನ್ನುವ ಕಡೆ ‘ಋತುಸ್ರಾವ’, ಹೆಪ್ಪುಗಟ್ಟುವುದು ಎನ್ನುವ ಕಡೆ ಬಾಯಿ ತಿರುಗದ ಇನ್ನೇನೋ ಸಂಸ್ಕೃತ. ಹಾಗೆ ಬರೆದ ಕಾಗದಕ್ಕೆ ಬಿದ್ದ ಸಹಿ ಏನನ್ನೂ ಸಾಬೀತು ಮಾಡುವುದಿಲ್ಲ.

ಇರುವ ವಿಧಾನಗಳೇ ಸಾಕಷ್ಟಿರುವಾಗ ಹೊಸ ಪ್ರಯೋಗ ಯಾಕೆ ಎನ್ನುವವರು ನಮ್ಮ ಅಂಕಿಗಳನ್ನು ಒಮ್ಮೆ ನೋಡಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 37.9 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧಕ್ಕೂ ಹೆಚ್ಚು. ಇದನ್ನು ಆಯ್ಕೆ ಎಂದು ಕರೆಯುವುದಾದರೆ ಪದಕ್ಕೇ ಅವಮಾನ. ಗಂಡಸರಿಗಾಗಿ ಭಾರತದಲ್ಲೇ ಹುಟ್ಟಿದ ಉಪಾಯವೊಂದಿದೆ. ಐಐಟಿ ಖರಗ್‌ಪುರದ ಸುಜಯ್ ಗುಹಾ 1970ರ ದಶಕದಲ್ಲಿ ಯೋಚಿಸಿದ ರಿಸಗ್, ವೀರ್ಯನಾಳಕ್ಕೆ ಒಂದು ಪಾಲಿಮರನ್ನು ಒಮ್ಮೆ ಚುಚ್ಚುವ ವಿಧಾನ. ಅದರ ಮೂರನೆಯ ಹಂತದ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. 25ರಿಂದ 40 ವರ್ಷದ 303 ವಿವಾಹಿತರು, ಏಳು ವರ್ಷದ ನಿಗಾ, ಬಸಿರು ತಡೆಯುವುದರಲ್ಲಿ ನೂರಕ್ಕೆ 99ರಷ್ಟು ಯಶಸ್ಸು. ಯೋಚನೆಗೂ ಫಲಿತಾಂಶಕ್ಕೂ ನಡುವೆ ಇಷ್ಟು ದಶಕ ಉರುಳಲು ಹಣ, ಕಂಪನಿಗಳ ನಿರಾಸಕ್ತಿ, ಕಡತದ ಓಡಾಟ ಎಲ್ಲ ಕಾರಣ. ಹೆಸರು ಬರೆಸಲು ಮುಂದೆ ಬರುವ ಗಂಡಸರ ಕೊರತೆಯೂ ಸಣ್ಣ ಕಾರಣವಲ್ಲ.

ಬಂದ ಗಂಡಸರನ್ನು ವಿಜ್ಞಾನ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗವೊಂದು ಸಾಕ್ಷಿ. 320 ಗಂಡಸರಿಗೆ ಎಂಟು ವಾರಕ್ಕೊಮ್ಮೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟರು. ಪಟಾನ್‌ಚೆರುವಿನ ಹೆಂಗಸರಿಗೆ ಚುಚ್ಚಲು ಹೊರಟಿದ್ದ ಅದೇ ನೆಟ್-ಎನ್, ಜೊತೆಗೆ ಟೆಸ್ಟೋಸ್ಟಿರಾನ್. ಬಸಿರು ತಡೆಯಿತು. ಆದರೆ ಮನಸ್ಸಿನ ಏರುಪೇರು, ಮೊಡವೆ, ಸೂಜಿ ಚುಚ್ಚಿದಲ್ಲಿ ನೋವು ಮುಂತಾದ ದೂರುಗಳು ಬಂದವೆಂದು ಸ್ವತಂತ್ರ ಪರಿಶೀಲನಾ ಸಮಿತಿ 2011ರಲ್ಲೇ ಪ್ರಯೋಗವನ್ನು ನಿಲ್ಲಿಸಿತ್ತು. ಹೆಂಗಸರು ಅರವತ್ತು ವರ್ಷದಿಂದ ನುಂಗುತ್ತಿರುವ ಸಂಕಟವನ್ನು ಗಂಡಸರು ಒಂದು ವರ್ಷ ತಾಳಲಿಲ್ಲ ಎಂದು ಜಗತ್ತೆಲ್ಲ ಲೇವಡಿ ನಡೆಯಿತು. ಲೇವಡಿ ಗುರಿ ತಪ್ಪಿತ್ತು. ಬಿಟ್ಟವರು ಕೆಲವರೇ, ಭಾಗವಹಿಸಿದವರಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಮಂದಿ ಇದು ಸಿಕ್ಕರೆ ಬಳಸುತ್ತೇವೆ ಎಂದೇ ಹೇಳಿದ್ದರು. ನಿಲ್ಲಿಸಿದ್ದು ಸಮಿತಿ, ದೂರನ್ನು ಭ್ರಮೆ ಎನ್ನದೆ ಮಾಹಿತಿ ಎಂದು ಸ್ವೀಕರಿಸಿದ ಕಾರಣಕ್ಕೆ. 1956ರಲ್ಲಿ ರಿಯೊ ಪಿಯೆದ್ರಾಸ್‌ಗೆ ಸಿಗದೆ ಹೋದ ಮರ್ಯಾದೆ ಇದೇ. ಅದನ್ನು ಗಂಡಸರಿಂದ ಕಿತ್ತುಕೊಳ್ಳಬೇಕಾಗಿಲ್ಲ, ಹೆಂಗಸರಿಗೂ ಹಂಚಬೇಕು. ಇನ್ನೊಂದು ವಾದವಿದೆ: ಮಾತ್ರೆ ನುಂಗುವ ಹೆಂಗಸು ಅದರ ಅಪಾಯವನ್ನು ಹೆರಿಗೆಯ ಅಪಾಯದೊಡನೆ ತೂಗಿ ನೋಡುತ್ತಾಳೆ, ಗಂಡಸಿಗೆ ಹೆರಿಗೆಯಿಲ್ಲ, ಆದ್ದರಿಂದ ಅವನ ಔಷಧದಲ್ಲಿ ಸಣ್ಣ ಅಪಾಯವೂ ಹೆಚ್ಚಾಯಿತು ಎಂದು. ತಕ್ಕಡಿಯ ಎರಡೂ ತಟ್ಟೆಯಲ್ಲಿ ಒಂದೇ ದೇಹವಿರಬೇಕು ಎಂದು ಹಟ ಹಿಡಿದರೆ ಈ ಲೆಕ್ಕ ಸರಿ. ಬಸಿರು ಇಬ್ಬರಿಂದ ಆಗುವುದು ಎಂದುಕೊಂಡರೆ ಅದು ನಿಲ್ಲುವುದಿಲ್ಲ.

2018ರಿಂದ ಹಲವು ದೇಶಗಳಲ್ಲಿ ನಡೆದ ಗಂಡಸರ ಜೆಲ್‌ನ ಪ್ರಯೋಗ ಈ ಲೆಕ್ಕವನ್ನು ಬೇರೆ ರೀತಿ ಬರೆಯಲು ನೋಡಿದೆ. ಗಂಡಸು ದಿನಾ ಭುಜಕ್ಕೆ ಜೆಲ್ ಸವರಿಕೊಳ್ಳಬೇಕು. ಮೊದಲು ವೀರ್ಯಾಣುಗಳ ಸಂಖ್ಯೆ ಸಾಕಷ್ಟು ಇಳಿಯಬೇಕು, ಆಮೇಲೆ ದಂಪತಿ ಬೇರೆ ಯಾವ ಗರ್ಭನಿರೋಧಕವೂ ಇಲ್ಲದೆ ಅದೊಂದನ್ನೇ ನೆಚ್ಚಿಕೊಂಡು ಇರಬೇಕು. ಔಷಧ ಅವನ ಚರ್ಮದ ಮೇಲೆ, ಅವನು ಒಂದು ದಿನ ಮರೆತರೆ ಬಸಿರು ಅವಳ ಹೊಟ್ಟೆಯಲ್ಲಿ. ಹಾಗಾಗಿ ಆ ಪ್ರಯೋಗಕ್ಕೆ ಗಂಡಸರನ್ನಷ್ಟೇ ಸೇರಿಸಿಕೊಳ್ಳಲಿಲ್ಲ, 400ಕ್ಕೂ ಹೆಚ್ಚು ಜೋಡಿಗಳನ್ನು ಸೇರಿಸಿಕೊಂಡರು. ಜೆಲ್ ಮುಟ್ಟದ ಹೆಂಗಸೂ ಕೂತು ಎಲ್ಲವನ್ನೂ ಕೇಳಿಸಿಕೊಂಡು ತನ್ನದೇ ಒಪ್ಪಿಗೆ ಕೊಟ್ಟ ಮೇಲೆಯೇ ಮೊದಲ ಬಾಟಲಿ ಅವರ ಮನೆಗೆ ಹೋದದ್ದು.